ಎಲ್ಲಿಗೆ ಹೊರಟದ್ದು?

ಸೌದಿಯ ಯಾನ್ಬುವಿನಲ್ಲಿ ನಮ್ಮ ಪಕ್ಕದ ಮನೆಗೆ ಡಚ್ ದಂಪತಿ ಬಂದ ದಿನ, ನನ್ನ ಗಂಡ ರಿಫೈನರಿಯಿಂದ ಬಂದವರೇ ಪಿಸುಗುಟ್ಟಿದರು: "ಆ ಹೆಂಗಸು ಪೇಪರಿನವಳಂತೆ. ಅವಳ ಊರಲ್ಲಿ ಮಂತ್ರಿಯನ್ನೇ ಕುರ್ಚಿಯಿಂದ ಇಳಿಸಿದವಳಂತೆ. ನೀನು ಸ್ವಲ್ಪ ಬಾಯಿ ಮುಚ್ಚಿಕೊಂಡು ಇರು ಮಾರಾಯ್ತಿ. ಎಂತಾದ್ರೂ ವೀಸಾ ಕೊಟ್ಟ ಕಫೀಲನ ಕಿವಿಗೆ ಬಿದ್ರೆ ನಾವು ಸೀದಾ ಮಂಗಳೂರಿಗೆ."

ಬಾಯಿ ಮುಚ್ಚುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಲ್ಲಿ ಹೆಂಗಸರಿಗೆ ಕಾರು ಓಡಿಸಲು ಪರವಾನಗಿ ಸಿಗುವುದಕ್ಕಿಂತ ಮೊದಲಿನ ಮಾತು ಇದು. ಬೆಳಿಗ್ಗೆ ಪೇಟೆಯ ಬಸ್ಸಿಗೆ ನಾನೂ ಆ ಡಚ್ ಹೆಂಗಸೂ ಕಾಂಪೌಂಡಿನ ಗೇಟಿನಲ್ಲಿ ಕಾಯುತ್ತಿದ್ದೆವು. ಊರಿನ ರೂಢಿಯಂತೆ, ನನ್ನ ಹರುಕು ಇಂಗ್ಲಿಷಿನಲ್ಲಿ ದಿನವೂ ಕೇಳುತ್ತಿದ್ದೆ: ಎಲ್ಲಿಗೆ ಹೊರಟದ್ದು? ತಿಂಡಿ ಆಯಿತಾ? ನಿನ್ನೆ ಯಾಕೆ ಕಾಣಲಿಲ್ಲ? ಮೊದಮೊದಲು ಉತ್ತರ ಕೊಟ್ಟಳು. ಆಮೇಲೆ ಉತ್ತರ ಗಿಡ್ಡವಾಯಿತು. ಕೊನೆಗೆ ನನ್ನನ್ನು ಕಂಡರೆ ಕಂಬದ ಆಚೆ ಹೋಗಿ ನಿಲ್ಲತೊಡಗಿದಳು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಒಂದು ದಿನ ನಾನು ಬಂಗುಡೆ ಕೊಯ್ಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಾನು ಹೇಳಿದ್ದನ್ನೆಲ್ಲ ಯಾರಿಗೆ ವರದಿ ಮಾಡುತ್ತೀರಿ?"

"ಗಂಡನಿಗೆ," ಎಂದೆ. ಇದ್ದದ್ದನ್ನೇ ಹೇಳಿದ್ದು. ಊಟಕ್ಕೆ ಕೂತಾಗ ಅವರಿಗೆ ಹೇಳದೆ ಇನ್ಯಾರಿಗೆ ಹೇಳುವುದು?

ಅವಳ ಮುಖ ಬಿಳುಚಿತು. ಬಂದ ಹಾಗೆಯೇ ಹೊರಟುಹೋದಳು. ಅಯ್ಯೋ ದೇವರೇ, ನಾನೇನು ಅಂದುಬಿಟ್ಟೆ? ಸಂಜೆ ಕಳಿಸಿದ ಬಂಗುಡೆ ಪುಳಿಮುಂಚಿಯ ಡಬ್ಬಿ ಮುಚ್ಚಳ ಕೂಡ ತೆಗೆಯದೆ ವಾಪಸು ಬಂತು. ನನಗೆ ಅಳುವೇ ಬಂತು.

ಗಂಟು ಬಿಚ್ಚಿದ್ದು ಬಸ್ಸಿನಲ್ಲಿ. ಉಡುಪಿ ಕಡೆಯ ಬ್ಯಾರಿ ಹೆಂಗಸೊಬ್ಬಳು ಹತ್ತಿ, "ಎಲ್ಲಿಗೆ ಹೊರಟದ್ದು ಅಕ್ಕ? ಮೋರೆ ಎಂತ ಬಾಡಿದ್ದು?" ಎಂದಳು.

"ಇಲ್ಲೇ," ಎಂದೆ.

ಹಿಂದಿನ ಸೀಟಿನಿಂದ ಡಚ್ ಹೆಂಗಸು ಬಗ್ಗಿ ಅರ್ಥ ಕೇಳಿದಳು. ಹೇಳಿದೆ.

"ಪೇಟೆಗೆ ಎಂದು ಯಾಕೆ ಹೇಳಲಿಲ್ಲ?"

"ಅವಳು ತಿಳಿಯಲಿಕ್ಕೆ ಕೇಳಿದ್ದಲ್ಲ. ಕೇಳದಿದ್ದರೆ ಸಿಟ್ಟು ಮಾಡಿದ್ದಾಳೆ ಎಂದು ಅರ್ಥ."

ನನ್ನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಬಸ್ಸಿನವರೆಲ್ಲ ತಿರುಗುವಷ್ಟು ನಕ್ಕಳು. "ಇಷ್ಟು ವರ್ಷ ನಾನು ಪ್ರಶ್ನೆ ಕೇಳಿದ ಮಂತ್ರಿಗಳೆಲ್ಲ ಕೊಟ್ಟ ಉತ್ತರ ಇದೇ. ಇಲ್ಲೇ!"

ಅವತ್ತು ನಮ್ಮ ಮನೆಗೆ ಬಂದು ಎಲ್ಲವನ್ನೂ ಹೇಳಿಕೊಂಡಳು. ಅವಳ ದೇಶದಲ್ಲಿ ಯಾರೋ ಬೆನ್ನುಬಿದ್ದು, ಎಲ್ಲಿಗೆ ಹೋಗುತ್ತಾಳೆ, ಯಾರನ್ನು ನೋಡುತ್ತಾಳೆ ಎಂದು ಕಾಯುತ್ತಿದ್ದರಂತೆ. ಇಲ್ಲಿಯ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಅವಳು ಕೆಲಸ ಮಾಡುವಂತಿಲ್ಲ ಎಂದಿತ್ತು. ಈಗ ಪತ್ರಿಕೆಯವರು ಮರಳಿ ಕರೆಯುತ್ತಿದ್ದರು. ಗಂಡ ಯಾನ್ಬು ಬಿಡಲು ಒಪ್ಪುತ್ತಿರಲಿಲ್ಲ.

"ಹೋದರೆ ಅವನಿಲ್ಲ. ಇದ್ದರೆ ನಾನಿಲ್ಲ," ಎಂದಳು.

ನಾನು ಎದ್ದು ಚಹಾಕ್ಕೆ ನೀರಿಟ್ಟೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಗೇಟಿನಲ್ಲಿ ಟ್ಯಾಕ್ಸಿ ನಿಂತಿತ್ತು. ಪಕ್ಕದಲ್ಲಿ ಪೆಟ್ಟಿಗೆಗಳು, ಅವಳು ಒಬ್ಬಳೇ. ಹೋಗಿ ಬರುವ ವೀಸಾ ಮಾಡಿಸಿದ್ದಾರೆ, ರಜೆಗೆ ಇರಬೇಕು ಎಂದು ನನ್ನ ಗಂಡ ಹೇಳಿದ್ದರು. ಆದರೆ ರಜೆಗೆ ಹೋಗುವವರು ಗೋಡೆಯ ಫೋಟೋಗಳನ್ನು ಕಟ್ಟಿಕೊಂಡು ಹೋಗುತ್ತಾರೆಯೇ?

"ಎಲ್ಲಿಗೆ ಹೊರಟದ್ದು?" ಎಂದೆ. ಆ ದಿನ ನನಗೆ ನಿಜವಾಗಿಯೂ ಉತ್ತರ ಬೇಕಿತ್ತು.

ಅವಳು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡು, ಕಿವಿಯ ಹತ್ತಿರ ಕನ್ನಡದಲ್ಲೇ ಹೇಳಿದಳು:

"ಇಲ್ಲೇ."