ಬೋರಮಾಳದ ಕೆಂಪು ಗುಂಡು

ನನ್ನ ತಂಗಿಯ ಕೊರಳಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣು. ಇಂಥದ್ದನ್ನು ಸುತ್ತಿಬಳಸಿ ಹೇಳುವವರಿದ್ದಾರೆ, ಅಕ್ಕತಂಗಿ ಅಂದಮೇಲೆ ಇದ್ದದ್ದೇ ಅನ್ನುತ್ತಾರೆ. ನನಗೆ ಹಾಗೆ ಬರೆಯಲು ಬರುವುದಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅವಳ ಕೊರಳಲ್ಲಿದ್ದದ್ದು ಅವ್ವನ ಬೋರಮಾಳ, ಅದು ನನ್ನ ಕೊರಳಲ್ಲಿ ಇರಬೇಕಾಗಿತ್ತು ಅನ್ನುವುದು ನನ್ನ ಲೆಕ್ಕ.

ಬೋರಮಾಳ ಅಂದರೆ ಬಾರಿಹಣ್ಣಿನ ಆಕಾರದ ಗುಂಡುಗಳ ಸರ. ಗುಂಡು ಗಟ್ಟಿ ಬಂಗಾರದ್ದಲ್ಲ. ಮೇಲೆ ತೆಳ್ಳಗಿನ ಬಂಗಾರದ ತಗಡು, ಒಳಗೆ ಅರಗು. ಕೂಲಿ ಮಾಡುವವರಿಗೆ ನಮ್ಮ ಕಡೆ ಬಂಗಾರ ಎಟುಕುವುದೇ ಹೀಗೆ. ಹೊನವಾಡದಲ್ಲಿ ಅವ್ವ ಮಂದಿಯ ದ್ರಾಕ್ಷಿ ಪಡಗಳಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಚಾಟ್ನಿಯ ಹೊತ್ತಿಗೆ ಬಳ್ಳಿ ಕತ್ತರಿಸುವುದು, ಕಾಯಿ ಕಚ್ಚಿದ ಮೇಲೆ ಗೊನೆ ತಿದ್ದುವುದು, ಕಡೆಗೆ ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿ ಆರಿಸುವುದು. ಹಂಗಾಮು ಮುಗಿದು ಕೂಲಿ ಚುಕ್ತಾ ಆದಮೇಲೆ ಆ ಗುಂಪಿನ ಹೆಂಗಸರೆಲ್ಲ ಒಂದೇ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗುತ್ತಿದ್ದರು. ಎಲ್ಲರಿಗೂ ಬಂಗಾರದ ಕೆಲಸದ ಒಬ್ಬನೇ ಪತ್ತಾರ. ಅವನ ಹತ್ತಿರ ಒಂದೋ ಎರಡೋ ಗುಂಡು ಕೊಂಡು, ಬರುವಾಗ ಬಸ್ಸಿನಲ್ಲಿ ಒಬ್ಬಳದು ಇನ್ನೊಬ್ಬಳ ಅಂಗೈಗೆ ಹೋಗಿ, ನೋಡಿಸಿಕೊಂಡು ವಾಪಸ್ಸು ಬರಬೇಕು. ಯಾರೂ ವರ್ಷ ಬಿಡುವಂತಿರಲಿಲ್ಲ. ಬಿಟ್ಟರೆ ಅವಳ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಮರುದಿನವೇ ಪಡದಲ್ಲಿ ಮಾತು. ಹೀಗೆ ಕೂಡಿದ ಗುಂಡುಗಳು ಅವ್ವನ ಹಿತ್ತಾಳೆ ಡಬ್ಬಿಯಲ್ಲಿ ಇರುತ್ತಿದ್ದವು. ಸಣ್ಣವಳಿದ್ದಾಗ ನಾನು ಆ ಡಬ್ಬಿ ಅಲ್ಲಾಡಿಸಿ ಸದ್ದು ಕೇಳುತ್ತಿದ್ದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ನಾನು ಮೆಲ್ಲಗೆ ಹೇಳುವುದಿಲ್ಲ, ಹಾಗೆ ಹೇಳುವ ಅವಶ್ಯವೂ ಇಲ್ಲ. ಬೆಳಗಿನ ಬಸ್ಸಿನಲ್ಲಿ ನಿಂತೇ ವಿಜಯಪುರಕ್ಕೆ ಬಂದು, ಸಂಜೆ ನಿಂತೇ ಹೋಗಿ, ಲೈಟು ಇದ್ದಷ್ಟು ಹೊತ್ತು ಓದಿ ಪಾಸಾದವಳು. ಈಗ ಬಬಲೇಶ್ವರದ ಹೈಸ್ಕೂಲಿನಲ್ಲಿ ಕಲಿಸುತ್ತೇನೆ. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹೋದಾಗ ಪಾತ್ರೆ ನಡುಗುವಷ್ಟು ಹಳಿಗೆ ಹತ್ತಿರ, ಬಾಡಿಗೆ ಮನೆ. ಅಪ್ಪ ತೀರಿದ ಮೇಲೆ ಅವ್ವ ನನ್ನ ಹತ್ತಿರವೇ ಇದ್ದಾಳೆ.

ನನ್ನ ಮದುವೆಯಲ್ಲಿ ಗಂಡಿನ ಕಡೆಯವರು ಬಂಗಾರ ಕೇಳಲಿಲ್ಲ. ದೊಡ್ಡ ಮನಸ್ಸು ಎಂದೇನಲ್ಲ, ಸಂಬಳ ಬರುವ ಹುಡುಗಿ ಎಂದು. ಊರ ಹೆಂಗಸರು ನನ್ನ ಗಲ್ಲ ಹಿಡಿದು, ನೌಕರಿನ ನಿನ್ನ ಬಂಗಾರ ಬಿಡವಾ, ಅಂದರು. ನಾನೂ ತಲೆ ಎತ್ತಿಕೊಂಡು, ನನಗ್ಯಾಕ ಬೇಕು ಬಂಗಾರ, ಅದು ಓದದವರಿಗೆ, ಎಂದು ಎಲ್ಲರ ಮುಂದೆ ಅಂದೆ. ತಂಗಿ ಅಲ್ಲೇ ನಿಂತಿದ್ದಳು. ಅವಳು ಹತ್ತನೇ ತರಗತಿಗೆ ಸಾಲಿ ಬಿಟ್ಟವಳು. ಎರಡು ವರ್ಷದ ಮೇಲೆ ಅವಳನ್ನು ಮಮದಾಪುರಕ್ಕೆ ಕೊಟ್ಟಾಗ ಅವ್ವ ಡಬ್ಬಿಯ ಗುಂಡುಗಳನ್ನೆಲ್ಲ ಪೋಣಿಸಿ ಅವಳ ಕೊರಳಿಗೆ ಹಾಕಿದಳು. ನನಗೆ ಓದು, ಅವಳಿಗೆ ಬಂಗಾರ, ಪಾಲು ಸರಿ ಆಯಿತು ಎಂದು ಅಪ್ಪ ಸಮಾಧಾನದಿಂದ ಎಲೆಅಡಿಕೆ ಹಾಕಿಕೊಂಡ. ನಾನು ಅಕ್ಷತೆ ಹಾಕುವಾಗ ನೋಡಿದ್ದು ಅವಳ ಮುಖವನ್ನಲ್ಲ.

ಅವಳ ಗಂಡನಿಗೆ ಮಸ್ಕತ್ತಿನ ಗೋದಾಮಿನಲ್ಲಿ ಕ್ರೇನು ನಡೆಸುವ ಕೆಲಸ ಸಿಕ್ಕಿತು. ಮಗಳನ್ನು ಕರೆದುಕೊಂಡು ಇವಳೂ ಹೋದಳು. ಅಲ್ಲಿಂದ ಶುರುವಾಯಿತು ನೋಡಿ ಫೋಟೋಗಳ ಮಳೆ. ಸಮುದ್ರದ ಮುಂದೆ ಇವಳು, ಮಾಲಿನ ಮೆಟ್ಟಿಲ ಮೇಲೆ ಇವಳು. ನಾನು ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿ ಸರಿಯದೆ ಧೂಳು ಕುಡಿಯುತ್ತಾ ಅವುಗಳನ್ನು ನೋಡುತ್ತಿದ್ದೆ. ಎಲ್ಲದರಲ್ಲೂ ಬೋರಮಾಳ. ಬೆರಳಿಂದ ಅಗಲಿಸಿ ಅಗಲಿಸಿ, ಮುಖ ಪರದೆಯಾಚೆ ಹೋಗಿ ಬರೀ ಕೊರಳು ಉಳಿಯುವ ತನಕ ದೊಡ್ಡದು ಮಾಡಿ ನೋಡುತ್ತಿದ್ದೆ.

ಈಚೆಗೆ ಒಂದು ದಿನ ಫೋನು ಮಾಡಿ, ಬೋರಮಾಳ ಮಾರುತ್ತೇನೆ ಅಂದಳು. ಅಲ್ಲಿ ಅವಳ ಪಕ್ಕದ ಮನೆಯವರು ಕೇರಳದ ಹೆಂಗಸರು. ಅವರ ಬಂಗಾರ ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತದಂತೆ. ಇವಳ ಸರ ನೋಡಿ ಒಬ್ಬಾಕೆ, ಇದು ಗಿಲೀಟಾ ಎಂದು ಕೇಳಿದ್ದಾಳೆ. ಅಲ್ಲಿಯ ಅಂಗಡಿಗಳಲ್ಲಿ ಹಳೆಯದು ತಗೊಂಡು ಇಪ್ಪತ್ತೆರಡು ಕ್ಯಾರಟ್ಟಿನ ಹೊಸ ಚೈನು ಕೊಡುತ್ತಾರಂತೆ. ಶುಕ್ರವಾರ ಗಂಡನಿಗೆ ಸೂಟಿ, ಆವತ್ತೇ ಹೋಗುವುದು ಎಂದು ನಿಕ್ಕಿ.

ಆ ಶುಕ್ರವಾರದ ತನಕ ನಾನು ಒದ್ದಾಡಿದೆ. ಸರ ಅವಳ ಹತ್ತಿರ ಇದ್ದರೆ ಒಂದಲ್ಲ ಒಂದು ದಿನ ನನಗೆ ಬಂದೀತು ಎಂಬ ಆಸೆಯಾದರೂ ಇತ್ತು. ಪರದೇಶದ ಅಂಗಡಿಯ ಮೂಸೆಯಲ್ಲಿ ಕರಗಿದರೆ ಅದೂ ಇಲ್ಲ. ನನಗೆ ಕೊಡು ಅನ್ನಲು ಬಾಯಿ ಬರಲಿಲ್ಲ, ಬಂಗಾರ ಓದದವರಿಗೆ ಅಂದ ಬಾಯಿ ಅದು. ಬೇರೆ ದಾರಿಯಿಂದ ಹೇಳಿ ನೋಡಿದೆ. ಬೋರಮಾಳ ಮಾಡಿದ ಪತ್ತಾರನಿಗೇ ಮಾರಬೇಕು, ಅವನಾದರೆ ಅರಗಿನ ತೂಕ ಗೊತ್ತಿದ್ದವನು, ತಾನು ಹೇಳಿದ ತೂಕಕ್ಕೇ ವಾಪಸ್ಸು ತಗೋತಾನೆ. ಹೊರಗಿನವರು ಮೋಸ ಮಾಡುತ್ತಾರೆ ಎಂದೆ. ಪದ್ಧತಿ ಇದ್ದದ್ದು ನಿಜ. ಆದರೆ ಆ ಪತ್ತಾರ ಸತ್ತು ವರ್ಷಗಳಾದವು, ತಿಕೋಟಾದಲ್ಲಿ ಅವನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ತಂಗಿಗೂ ಇದು ಗೊತ್ತು.

"ನಿನಗ ಹೊಟ್ಟಿ ಉರಿ ಬೇ ಯಕ್ಕಾ," ಅಂದಳು ನಗುತ್ತಾ. "ಸೀದಾ ಹೇಳು."

ನಾನು ಪೇಪರು ತಿದ್ದುವುದಿದೆ ಎಂದು ಫೋನಿಟ್ಟೆ. ಅವ್ವನನ್ನು ಕೇಳಿದರೆ, ಕೊಟ್ಟದ್ದು ಕೊಟ್ಟಾಯ್ತು, ಆಕಿದು ಆಕಿ ಮಾರತಾಳ, ನಿಂದೇನು, ಎಂದು ಮೊರದೊಳಗಿನ ಜೋಳ ಕೇರಿದಳು.

ಶುಕ್ರವಾರ ಸಂಜೆ ನಾನು ಸಾಲಿಯಿಂದ ಬಂದು ಚಹಾಕ್ಕೆ ಇಟ್ಟಿದ್ದೆ. ವಿಡಿಯೋ ಕಾಲ್ ಬಂತು. ಹಿಂದೆ ಗಾಜು, ಗಾಜಿನ ಹಿಂದೆ ಬಂಗಾರ, ಎಷ್ಟು ಲೈಟು ಎಂದರೆ ತಂಗಿಯ ಮುಖ ಕಪ್ಪಾಗಿ ಕಾಣುತ್ತಿತ್ತು. ಅವ್ವನ್ನ ಕರಿ, ಅಂದಳು. ಧ್ವನಿಯಲ್ಲಿ ನಗು ಇರಲಿಲ್ಲ.

ಆಗಿದ್ದೇನೆಂದರೆ, ಅಂಗಡಿಯವನು ಸರದ ದಾರ ಬಿಚ್ಚಿಸಿ ಗುಂಡುಗಳನ್ನು ಒಂದೊಂದಾಗಿ ಮಶೀನಿನಲ್ಲಿಟ್ಟು ನೋಡಿದ್ದಾನೆ. ಕೆಲವು ಚೊಲೋ ಬಂಗಾರ ತೋರಿಸಿವೆ. ಕೆಲವು ತೀರಾ ಕಡಿಮೆ, ಅರ್ಧಕ್ಕರ್ಧ ತಾಮ್ರ. ಒಂದೇ ಸರದಲ್ಲಿ ಇಷ್ಟು ನಮೂನಿ ಬಂಗಾರ ತಾನು ನೋಡೇ ಇಲ್ಲ, ಮಾಡಿದವನು ನಿಮಗೆ ಟೋಪಿ ಹಾಕಿದ್ದಾನೆ ಎಂದು ಹಿಂದಿಯಲ್ಲಿ ಹೇಳಿದ್ದಾನೆ. ತಂಗಿ ಕ್ಯಾಮೆರಾ ತಿರುಗಿಸಿದಳು. ನೀಲಿ ಮಖಮಲ್ಲಿನ ತಟ್ಟೆಯಲ್ಲಿ ಎರಡು ಗುಂಪು, ಒಂದು ಹಳದಿ, ಇನ್ನೊಂದು ಕೆಂಪಗೆ. ಪೋಣಿಸಿದ್ದಾಗ ಕಲೆತು ಕಾಣುತ್ತಿದ್ದವು, ಈಗ ಸವತಿ ಮಕ್ಕಳ ಹಾಗೆ ಬೇರೆ ಬೇರೆ ಕೂತಿದ್ದವು.

ನನಗೆ ಆದದ್ದು ಸಂತೋಷ. ಇಷ್ಟು ವರ್ಷ ನಾನು ಉರಿದುಕೊಂಡ ಸರದಲ್ಲಿ ಅರ್ಧ ತಾಮ್ರ ಎಂದು ತಿಳಿದು ಎದೆ ತಣ್ಣಗಾಯಿತು. ಚಹಾ ಉಕ್ಕಿದ್ದೂ ಗೊತ್ತಾಗಲಿಲ್ಲ.

ತಂಗಿ ಸತ್ತ ಪತ್ತಾರನಿಗೆ ಬೈಯತೊಡಗಿದಳು. ಓದು ಬರದ ಹೆಂಗಸರಿಗೆ ಮೋಸ ಮಾಡಿದ, ಅವನ ಅಂಗಡಿ ಹಾಳಾದದ್ದು ಸುಮ್ಮನೆ ಅಲ್ಲ, ಎಂದೆಲ್ಲ. ಅವ್ವ ಫೋನನ್ನು ತನ್ನ ಕೈಗೆ ತೆಗೆದುಕೊಂಡಳು. ಕಣ್ಣು ಕಿರಿದು ಮಾಡಿ ತಟ್ಟೆಯನ್ನೇ ನೋಡಿದಳು.

"ಅವಗ ಬೈಬ್ಯಾಡ. ಅವ ಮೋಸ ಮಾಡಿಲ್ಲ. ನಾನ ಹೇಳಿದ್ದೆ, ಕಡಿಮಿದ ಮಾಡಿ ಕೊಡು ಅಂತ."

ಅವ್ವ ಯಾರಿಗೂ ಅಲ್ಲ ಅನ್ನುವಂತೆ ಹೇಳಿದಳು. ನಾನು ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಹಂಗಾಮಿನ ಕೂಲಿಯೆಲ್ಲ ಫೀ, ಪುಸ್ತಕ, ಬಸ್ ಪಾಸಿಗೆ ಹೋಗುತ್ತಿತ್ತು. ಗುಂಡು ಕೊಳ್ಳದೆ ಇರಬಹುದಿತ್ತು. ಆದರೆ ಬಸ್ಸಿನಲ್ಲಿ ಎಲ್ಲರ ಅಂಗೈ ಮುಂದೆ ಬಂದಾಗ ತನ್ನದು ಖಾಲಿ ಇದ್ದರೆ, ಹೆಣ್ಣು ಹುಡುಗಿಗೆ ಓದಿಸಿ ಕೆಟ್ಟಳು ಅನ್ನುತ್ತಿದ್ದರು. ಆ ಮಾತು ಅವ್ವನಿಗೆ ಬೇಡವಾಗಿತ್ತು. ಅದಕ್ಕೇ ಪತ್ತಾರನನ್ನು ಪಕ್ಕಕ್ಕೆ ಕರೆದು, ಮೇಲೆ ಬಂಗಾರ ಕಂಡರೆ ಸಾಕು, ತಾಮ್ರ ಹೆಚ್ಚು ಹಾಕು, ಎಂದು ಹೇಳಿ ಕೊಂಡಿದ್ದಳು. ಬಸ್ಸಿನಲ್ಲಿ ಎಲ್ಲರೂ ಅಂಗೈಯಲ್ಲಿಟ್ಟು ನೋಡಿದರಂತೆ. ಈ ಸಲದ್ದು ಸ್ವಲ್ಪ ಕೆಂಪೈತಲ್ಲ ಎಂದು ಒಬ್ಬಳು ಮಾತ್ರ ಅಂದಳಂತೆ. ಬಿಸಿಲಿಗಿರಬೇಕು ಎಂದು ಅವ್ವ ಹೇಳಿದಳಂತೆ.

ಅಂಗಡಿಯವನು ಏನೋ ಕೇಳಿದ, ತಂಗಿ ತಡೀರಿ ಅನ್ನುವಂತೆ ಕೈ ತೋರಿಸಿದಳು. ಆಮೇಲೆ ಮುಖ ಪರದೆಗೆ ಹತ್ತಿರ ತಂದಳು.

"ಅಂದ್ರ ಇಷ್ಟು ವರ್ಷ ನಾ ನಿನ್ನ ಕಾಲೇಜ ಕೊಳ್ಳಾಗ ಹಾಕ್ಕೊಂಡ ತಿರಗೇನಿ. ಆ ಕೇರಳದಾಕಿ ಗಿಲೀಟ ಅಂದದ್ದು ನಿನ್ನ ಡಿಗ್ರಿಗೆ, ತಿಳೀತಾ?"

ಚುಚ್ಚಬೇಕೆಂದೇ ಅಂದಳು. ಚುಚ್ಚಿತು. ಆದರೆ ನನಗೆ ಬೇರೊಂದು ಕಾಣುತ್ತಿತ್ತು. ಆ ಕೆಂಪು ಗುಂಪು ನನ್ನದು. ಅಪ್ಪ ಪಾಲು ಸರಿ ಮಾಡಿದೆ ಅಂದುಕೊಂಡಿದ್ದ, ಮಾಡಿರಲಿಲ್ಲ. ನನ್ನ ಓದಿಗೆ ಹೋದಷ್ಟು ಬಂಗಾರ ಇವಳ ಸರದಲ್ಲಿ ಕಡಿಮೆಯಾಗಿತ್ತು, ಆ ಕಡಿಮೆಯ ಗುರುತಾದ ಕೆಂಪು ಗುಂಡೂ ಇವಳ ಕೊರಳಲ್ಲೇ ಇತ್ತು. ಈಗ ಅದನ್ನೂ ಕರಗಿಸುತ್ತಾರೆ. ಅಂಗಡಿಯವನು ಹಳದಿಯವನ್ನು ನೆಟ್ಟಗೆ ತಗೋತೀನಿ, ಕೆಂಪಿನವು ಕೊಟ್ಟರೆ ಕೊಡಿ, ಬೆಲೆ ಹೆಚ್ಚೇನೂ ಬರುವುದಿಲ್ಲ ಅನ್ನುತ್ತಿದ್ದ. ಬರದಿದ್ದರ ಹೋಗಲಿ, ಎಲ್ಲಾ ಕೂಡೇ ಹಾಕಿಬಿಡ್ರಿ ಎಂದು ತಂಗಿ ಅವನ ಕಡೆ ತಿರುಗಿದಳು.

"ಲೇ, ತಡಿ," ಅಂದೆ. "ಆ ಕೆಂಪನ್ನಾವು ಮಾರಬ್ಯಾಡ. ನನಗ ಕೊಡು."

"ಬಂಗಾರ ಬ್ಯಾಡ ಅಂದಾಕಿ ನೀನ."

"ಬಾಯಿ ಅಂದಿತ್ತು. ನಾ ಅಂದಿದ್ದಿಲ್ಲ."

ಅವಳು ನನ್ನನ್ನು ನೋಡಿದಳು. ಬೇಡಿಕೊಂಡದ್ದು ಅವಳ ಎದುರು ಅದೇ ಮೊದಲು. ಅವಳಿಗೆ ಆದ ಖುಷಿ ಮುಖದಲ್ಲಿ ಕಂಡಿತು, ಮುಚ್ಚಿಡಲೂ ಇಲ್ಲ. ಕೆಂಪು ಗುಂಡುಗಳನ್ನು ಕರವಸ್ತ್ರಕ್ಕೆ ಹಾಕಿಕೊಂಡು ಗಂಟು ಹೊಡೆದಳು. ಹಳದಿಯವನ್ನು ಅಂಗಡಿಯವನು ಒಳಗೆ ಒಯ್ದು ಬೆಂಕಿಗಿಟ್ಟ. ಅರಗು ಕರಗಿದ ವಾಸನೆ ಫೋನಿನಲ್ಲಿ ಬರುವುದಿಲ್ಲ. ಆದರೂ ಅವ್ವ ಸೆರಗು ತೆಗೆದು ಮೂಗಿಗೆ ಹಿಡಿದಳು.

ಬೇಸಿಗೆಗೆ ತಂಗಿ ಬಂದಳು. ಖರ್ಜೂರದ ಪೊಟ್ಟಣದ ಜೊತೆ ಆ ಗಂಟನ್ನೂ ಕೊಟ್ಟಳು, ತಗೋ ನಿನ್ನ ತಾಮ್ರ, ಎಂದು. ಅವಳ ಕೊರಳಲ್ಲಿ ಹೊಸ ಚೈನು. ಸುಳ್ಳು ಹೇಳುವುದಿಲ್ಲ, ಅದು ಚಂದ ಇತ್ತು. ಅದರ ಹೊಳಪಿಗೆ ನಮ್ಮ ಬಾಡಿಗೆ ಮನೆಯ ಗೋಡೆ ಇನ್ನೂ ಮಾಸಿದಂತೆ ಕಂಡಿತು. ಅವಳು ಸ್ನಾನಕ್ಕೆ ಹೋದಾಗ ಗೂಟದ ಮೇಲೆ ಬಿಚ್ಚಿಟ್ಟಿದ್ದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಮತ್ತೆ ಅಲ್ಲೇ ಇಟ್ಟೆ.

ಕೆಂಪು ಗುಂಡುಗಳು ಒಂದು ಪೂರಾ ಸರಕ್ಕೆ ಸಾಲುತ್ತಿರಲಿಲ್ಲ. ವಿಜಯಪುರದಲ್ಲಿ ರೇಷ್ಮೆ ದಾರದಲ್ಲಿ ಒಡವೆ ಪೋಣಿಸಿ ಕೊಡುವ ಪಟವೇಗಾರನ ಹತ್ತಿರ ಒಯ್ದೆ. ನಡುನಡುವೆ ಹವಳ ಹಾಕಿದರೆ ಕೆಂಪಿಗೆ ಕೆಂಪು ಕೂಡುತ್ತದೆ ಅಂದ. ಹಾಗೇ ಮಾಡಿಸಿದೆ. ಹವಳದ ಪಕ್ಕ ಆ ಗುಂಡುಗಳು ತಾಮ್ರ ಅನ್ನಿಸುವುದಿಲ್ಲ, ಸಂಜೆ ಹೊತ್ತಿನ ಬಂಗಾರದ ಹಾಗೆ ಕಾಣುತ್ತವೆ.

ಮಮದಾಪುರದಲ್ಲಿ ತಂಗಿಯ ಬಸುರಿ ನಾದಿನಿಗೆ ಕುಬುಸದ ಶಾಸ್ತ್ರ ಇತ್ತು. ಎಲ್ಲರೂ ಹೋದೆವು. ತಂಗಿ ಹೊಸ ಚೈನು ಕಾಣುವ ಹಾಗೆ ಸೆರಗು ಹಿಂದಕ್ಕೆ ಹಾಕಿ ಓಡಾಡುತ್ತಿದ್ದಳು. ಹೆಂಗಸರು ಮುಟ್ಟಿ ನೋಡುತ್ತಿದ್ದರು, ನಾನು ಉಡಿ ತುಂಬುವ ತಟ್ಟೆ ಹಿಡಿದು ಅದನ್ನೇ ನೋಡುತ್ತಿದ್ದೆ. ಹೊನವಾಡದಿಂದ ಬಂದಿದ್ದ ಒಬ್ಬ ಮುದುಕಿ, ಅವ್ವನ ಜೊತೆ ಪಡಕ್ಕೆ ಹೋಗುತ್ತಿದ್ದವಳು, ನನ್ನ ಮುಂದೆ ನಿಂತಳು. ಕೈ ಚಾಚಿ ನನ್ನ ಕೊರಳಿನ ಒಂದು ಗುಂಡನ್ನು ಹೆಬ್ಬೆರಳಿಂದ ತಿರುವಿದಳು.

"ಇವು ನಮ್ಮ ತಿಕೋಟಾ ಗುಂಡು. ಅವತ್ತು ಬಸ್ಸಿನ್ಯಾಗ ನಾನ ಕೇಳಿದ್ದೆ ನಿಮ್ಮವ್ವಗ, ಸ್ವಲ್ಪ ಕೆಂಪೈತಲ್ಲ ಅಂತ. ಎಷ್ಟ ಚಂದ ಕಾಣತಾವ ನೋಡು ಈಗ."

ಅವಳ ಮಾತಿಗೆ ಚೈನು ನೋಡುತ್ತಿದ್ದವರೂ ಈ ಕಡೆ ಬಂದರು. ಈಗ ಇಂಥವು ಯಾರೂ ಮಾಡುವುದಿಲ್ಲ, ನಮ್ಮವ್ವಂದೂ ಇತ್ತು, ಮಾರಿಬಿಟ್ಟೆವು, ಎಂದು ಒಬ್ಬೊಬ್ಬರು ಒಂದೊಂದು ಅಂದರು. ತಂಗಿ ದೂರದಿಂದಲೇ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷ ನನ್ನ ಕಣ್ಣಲ್ಲಿ ಇದ್ದದ್ದೇ ಅದು.

ಊಟಕ್ಕೆ ಕೂತಾಗ ಪಕ್ಕಕ್ಕೆ ಬಂದು ಕೂತಳು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ನನ್ನ ಕಡೆ ವಾಲಿದಳು.

"ಯಕ್ಕಾ, ಅದರಾಗಿಂದು ಎರಡು ಗುಂಡು ಕೊಡು ಬೇ. ಮಗಳ ಕಿವಿಗೆ ಮಾಡಸ್ತೀನಿ."

ಕೊಡುವುದಿಲ್ಲ ಅನ್ನಲು ಆಗಲಿಲ್ಲ, ಎದುರಿಗೇ ಅವ್ವ ಕೂತಿದ್ದಳು. ಕೊಡುತ್ತೇನೆ ಅನ್ನಲೂ ನಾಲಿಗೆ ಏಳಲಿಲ್ಲ. ನೋಡೂಣು ತಗೋ ಅಂದೆ. ಅಂದು, ಎಡಗೈಯಿಂದ ಸೆರಗನ್ನು ಕೊರಳ ತುಂಬ ಎಳೆದುಕೊಂಡು ಊಟ ಮುಂದುವರಿಸಿದೆ.