ಭೈರಮ್ಮ ಕೇಳಿದ ಸಾವಂತ್ರಿಯ ಕಥೆ

ಹಿರೇಕೊಡಿಗೆಯ ಭೈರಮ್ಮ ಹದಿನಾಲ್ಕು ವರ್ಷಗಳಿಂದ ಮಾಡುತ್ತಿರುವ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಆಸ್ಪತ್ರೆಗೆ ಸೇರಿದವರ ಮನೆಯವರಿಗೆ ಪುರುಸೊತ್ತಿಲ್ಲದಿದ್ದರೆ ಅವಳು ಹೋಗಿ ಜೊತೆಗಿರುತ್ತಾಳೆ. ಗಂಜಿ ಕುಡಿಸುತ್ತಾಳೆ, ತಲೆ ಬಾಚುತ್ತಾಳೆ, ಡಾಕ್ಟರು ಹೇಳಿದ್ದನ್ನು ನೆನಪಿಟ್ಟುಕೊಂಡು ಸಂಜೆ ಬಂದ ಮನೆಯವರಿಗೆ ಒಪ್ಪಿಸುತ್ತಾಳೆ. ಮೊದಲು ಕಾಫಿ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದಳು. ಮಂಡಿ ಸವೆದು ಇಳಿಜಾರು ಹತ್ತಲಾಗದಂತಾದ ವರ್ಷ ಪಕ್ಕದ ಮನೆಯ ಬಾಣಂತಿಯ ಜೊತೆ ಕೊಪ್ಪದ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದಳು. ಅಲ್ಲಿಂದ ಶುರುವಾದದ್ದು, ಈಗ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಕಡೆಯ ನರ್ಸುಗಳ ಫೋನಿನಲ್ಲಿ ಅವಳ ನಂಬರಿದೆ.

ನನಗೆ ಅವಳ ಪರಿಚಯವಾದದ್ದು ನನ್ನದೇ ಒಂದು ಅಧಿಕಪ್ರಸಂಗದಿಂದ.

ನಾನು ನಿತೀಶ್, ಶೃಂಗೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ‘ದೂರದೀಪ’ ಎಂಬ ಧಾರಾವಾಹಿಯ ಹುಚ್ಚು ನನಗೆ. ಹನ್ನೆರಡು ವರ್ಷದಿಂದ ಪ್ರತಿ ಶನಿವಾರ ಫೋನಿನಲ್ಲಿ ಕೇಳಲು ಬರುವ ಕಥೆ ಅದು. ನಕ್ಷತ್ರಗಳ ನಡುವೆ ಹಡಗುಗಳಿಗೆ ದಾರಿ ತೋರುವ ದೀಪಗಳಿವೆ. ಕೆಟ್ಟುಹೋದ ದೀಪಗಳನ್ನು ಸರಿಮಾಡುತ್ತ ಹೋಗುವವಳು ಇರಾವತಿ. ಅವಳು ಬದಲಾಗುವುದಿಲ್ಲ. ಅವಳ ಹಡಗಿನಲ್ಲಿ ಜೊತೆಗೆ ಹೋಗುವವರು ಮಾತ್ರ ವರ್ಷಕ್ಕೊಬ್ಬರಂತೆ ಬದಲಾಗುತ್ತಾರೆ. ನಮಗೆಲ್ಲ ಜಗಳಕ್ಕೆ ವಿಷಯ ಆ ಜೊತೆಗಾರರೇ. ಮೂರು ತಾಲೂಕಿನ ಕೇಳುಗರದೊಂದು ವಾಟ್ಸಾಪ್ ಗುಂಪಿದೆ. ಯಾವ ಜೊತೆಗಾರ ಒಳ್ಳೆಯವನು, ಯಾರು ದಂಡ, ಯಾರು ಏಕೆ ಹೋದರು ಎಂದು ಅಲ್ಲಿ ಊಟ ಬಿಟ್ಟು ಬರೆಯುವವರಿದ್ದಾರೆ.

ಗುಂಪನ್ನು ನಡೆಸುವವಳು ಮುತ್ತಿನಕೊಪ್ಪದ ಅರ್ಪಿತಾ. ಎನ್.ಆರ್.ಪುರದಲ್ಲಿ ಸಹಕಾರ ಸಂಘವೊಂದರಲ್ಲಿ ಕೆಲಸ. ಹೋದ ವರ್ಷ ಸ್ಕೂಟರ್ ಜಾರಿ ತೊಡೆಯ ಮೂಳೆ ಮುರಿದುಕೊಂಡು ಕೊಪ್ಪದ ಆಸ್ಪತ್ರೆ ಸೇರಿದಳು. ಅವಳ ತಾಯಿಗೆ ಮನೆಯಲ್ಲಿ ನಾಲ್ಕು ಹಸು. ಮಧ್ಯಾಹ್ನದ ಬಸ್ಸಿಗೆ ಬಂದು ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸಾಗಬೇಕು. ಹಾಗಾಗಿ ಭೈರಮ್ಮನನ್ನು ಕರೆಸಿದರು.

ಮಲಗಿದಲ್ಲೇ ಅರ್ಪಿತಾ ಆರನೇ ವರ್ಷದ ಕಂತುಗಳನ್ನು ಮತ್ತೆ ಹಾಕಿಕೊಂಡು ಕೇಳತೊಡಗಿದಳು. ಆ ವರ್ಷದ ಜೊತೆಗಾರ್ತಿ ಸಾವಂತ್ರಿ. ಒಂದು ಸ್ಫೋಟದಲ್ಲಿ ಇರಾವತಿಯ ಕಣ್ಣು ಹೋಗುತ್ತದೆ. ಇಡೀ ವರ್ಷ ಸಾವಂತ್ರಿ ಎದುರಿಗೆ ಏನಿದೆ ಎಂದು ಹೇಳುತ್ತಾಳೆ, ಇರಾವತಿ ಹಡಗು ನಡೆಸುತ್ತಾಳೆ. ಕೊನೆಗೆ ಕಣ್ಣು ಬರುತ್ತದೆ. ಮುಂದಿನ ದೀಪ ಸಿಕ್ಕಿದಾಗ ಸಾವಂತ್ರಿ ಒಂದು ಮಾತೂ ಹೇಳದೆ ಇಳಿದು ಹೋಗುತ್ತಾಳೆ. ಅವಳಿಗೆ ಹೊಟ್ಟೆಕಿಚ್ಚು ಎಂದು ಗುಂಪಿನ ಅರ್ಧ ಜನ. ಇರಾವತಿಯೇ ಅವಳನ್ನು ಬಳಸಿ ಬಿಟ್ಟಳು ಎಂದು ಉಳಿದರ್ಧ. ಸಾವಂತ್ರಿ ಒಂದು ಪಾತ್ರವೇ ಅಲ್ಲ, ನಮಗೆ ದೃಶ್ಯ ವಿವರಿಸಲು ಕಥೆಗಾರರು ಇಟ್ಟ ಬಾಯಿ ಅಷ್ಟೇ ಎಂದು ಅರ್ಪಿತಾ ಉದ್ದದ ಲೇಖನವನ್ನೇ ಬರೆದಿದ್ದಳು.

ಭೈರಮ್ಮ ಮಂಚದ ಪಕ್ಕ ಕೂತು ಆ ವರ್ಷದ ಕೊನೆಯ ಎಂಟು ಕಂತು ಕೇಳಿದಳು. ಕೊನೆಯದು ಮುಗಿದಾಗ ಅರ್ಪಿತಾ ತನ್ನ ಲೇಖನವನ್ನೂ ಓದಿ ಹೇಳಿದಳು.

“ಹಂಗಲ್ಲ ಕಣಮ್ಮ” ಎಂದಳು ಭೈರಮ್ಮ. “ಆ ಹುಡುಗಿಗೆ ಸಿಟ್ಟು ಗಿಟ್ಟು ಎಂತದೂ ಇಲ್ಲ. ಕಣ್ಣು ಬಂತು, ಕೆಲಸ ಮುಗೀತು, ಹೋದ್ಲು.”

“ಹೇಳಿ ಹೋಗ್ಬಹುದಿತ್ತಲ್ಲ?”

“ಎಂತ ಹೇಳದು? ‘ಬರ್ತೀನಿ’ ಅನ್ಬೇಕು. ನಾನು ಆಸ್ಪತ್ರೆಲಿ ಯಾರಿಗೂ ಬರ್ತೀನಿ ಅನ್ನಲ್ಲ. ನಾನು ಮತ್ತೆ ಬರ್ತೀನಿ ಅಂದ್ರೆ ಅವ್ರು ಮತ್ತೆ ಕಾಯಿಲೆ ಬೀಳ್ತಾರೆ ಅಂತ ಅಲ್ವಾ? ಬ್ಯಾಗು ಕಟ್ಟೋ ಗಡಿಬಿಡಿಲಿ ಸುಮ್ನೆ ಇಳ್ದು ಬಸ್ ಸ್ಟ್ಯಾಂಡಿಗೆ ಹೋಗ್ತೀನಿ.”

ಅರ್ಪಿತಾ ಫೋನ್ ಕೈಗೆತ್ತಿಕೊಂಡಳು. ಇದನ್ನೇ ಇನ್ನೊಮ್ಮೆ ಹೇಳಿಸಿ, ರೆಕಾರ್ಡ್ ಮಾಡಿ ಗುಂಪಿಗೆ ಹಾಕಿದಳು. ಐದು ವರ್ಷದ ಜಗಳ ಒಂದು ಸಂಜೆಗೆ ನಿಂತುಹೋಯಿತು. ಆಗ ನಾನು, ಆರನೇ ವರ್ಷದ ಬಗ್ಗೆ ಎಲ್ಲರಿಗಿಂತ ಹೆಚ್ಚು ಬರೆದವನು, “ಎಂಟು ಕಂತು ಕೇಳಿದವರೆಲ್ಲ ಪಂಡಿತರಾದರೆ ನಾವು ಹನ್ನೊಂದು ವರ್ಷ ಕೇಳಿದ್ದು ದಂಡ” ಎಂದು ಹಾಕಿದೆ.

ಅರ್ಪಿತಾ ಸಿಟ್ಟಿನಿಂದ ಅದನ್ನು ಭೈರಮ್ಮನಿಗೆ ಓದಿ ಹೇಳಿದಳಂತೆ. ಭೈರಮ್ಮನಿಗೆ ಸಿಟ್ಟು ಬರಲಿಲ್ಲ. “ಅವ್ನು ಹೇಳಿದ್ದೂ ಹೌದಲ್ಲ. ಮೊದ್ಲಿಂದ ಕೇಳ್ದೆ ನಾನ್ಯಾಕೆ ಮಾತಾಡ್ದೆ? ನನ್ನ ಫೋನಿಗೂ ಅದನ್ನ ಹಾಕ್ಕೊಡು” ಎಂದಳು.

ನಾಲ್ಕು ತಿಂಗಳ ನಂತರ ಒಂದು ಬೆಳಗ್ಗೆ ನನ್ನ ಅಂಗಡಿಗೆ ಹೆಂಗಸೊಬ್ಬಳು ಬಂದಳು. ಇಯರ್‌ಫೋನ್ ಚುಚ್ಚುವ ತೂತಿನಲ್ಲಿ ಕಸ ಕೂತು ಒಂದೇ ಕಿವಿಗೆ ಕೇಳುತ್ತಿದೆಯಂತೆ. ಸೂಜಿಯಿಂದ ತೆಗೆದು, ಪರೀಕ್ಷೆಗೆಂದು ಪ್ಲೇ ಒತ್ತಿದರೆ ಇರಾವತಿಯ ದನಿ. ಏಳನೇ ವರ್ಷದ ಐದನೇ ಕಂತು.

“ನೀವೂ ದೂರದೀಪ ಕೇಳ್ತೀರಾ?” ಎಂದೆ.

“ಮೊದ್ಲಿಂದ ಕೇಳ್ತಿದೀನಿ ಮಾರಾಯ. ಯಾರೋ ಬೈದಿದ್ರು.”

ಕೈಯಲ್ಲಿದ್ದ ಸೂಜಿ ಕೆಳಗಿಟ್ಟು, ಆ ಯಾರೋ ನಾನೇ ಎಂದು ಹೇಳಿ ತಪ್ಪಾಯಿತು ಎಂದೆ. ಅವಳು ನಕ್ಕಳು. ಸ್ಟೂಲ್ ಎಳೆದುಕೊಂಡು ಕೂತು, “ನೀನು ಬೈದಿದ್ದು ಒಳ್ಳೇದೇ ಆಯ್ತು. ಇದನ್ನ ಕೇಳು” ಎಂದು ಅದೇ ಕಂತನ್ನು ಹಿಂದಕ್ಕೆ ಎಳೆಸಿದಳು.

ಇರಾವತಿ ಹಡಗು ನಡೆಸುತ್ತ, “ಸಾವಂತ್ರಿ, ಎಡಗಡೆ ಎಂತ ಕಾಣ್ತಿದೆ?” ಎನ್ನುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಹೊಸ ಜೊತೆಗಾರ ಕೆಮ್ಮುತ್ತಾನೆ. ಕಥೆ ಮುಂದೆ ಹೋಗುತ್ತದೆ. ಕಥೆಗಾರರು ಸಾವಂತ್ರಿ ಹೋದದ್ದನ್ನೇ ಮರೆತಿದ್ದಾರೆ ಎಂದು ನಾವೆಲ್ಲ ಗೇಲಿ ಮಾಡಿದ್ದ ಜಾಗ ಅದು.

“ಮರ್ತಿಲ್ಲ” ಎಂದಳು ಭೈರಮ್ಮ. “ಐದು ಕಂತಲ್ಲಿ ಮೂರು ಸಲ ಹಿಂಗೇ ಕರೀತಾಳೆ. ಕಣ್ಣು ಸರಿ ಇದೆ, ಆದ್ರೂ ಕರೀತಾಳೆ. ಹೇಳ್ದೆ ಹೋಗೋದು ಹೋದವ್ಳಿಗೆ ಸಲೀಸು, ಇದ್ದವ್ರಿಗಲ್ಲ. ನಾನು ಅವತ್ತು ಹೇಳಿದ್ದು ಅರ್ಧ ಮಾತು.”

ಆಮೇಲೆ ವಸಂತಮ್ಮನ ವಿಷಯ ಹೇಳಿದಳು. ಬಾಳೆಹೊನ್ನೂರಿನವರು, ಎಪ್ಪತ್ತು ದಾಟಿದವರು. ಸೊಂಟದ ಆಪರೇಷನ್ ಆಗಿ ಇಪ್ಪತ್ತಮೂರು ದಿನ ಭೈರಮ್ಮ ಅವರ ಜೊತೆಗಿದ್ದಳು. ಡಿಸ್ಚಾರ್ಜ್ ದಿನ ಎಂದಿನಂತೆ ಸುಮ್ಮನೆ ಹೋದಳು. ಮನೆಗೆ ಬಂದ ಮೇಲೂ ಅಮ್ಮ ಒಂದು ವಾರ “ಭೈರಿ, ನೀರು ಕೊಡೇ” ಎನ್ನುತ್ತಿದ್ದರು ಎಂದು ಅವರ ಮಗಳು ಯಾವಾಗಲೋ ಫೋನಿನಲ್ಲಿ ನಗುತ್ತ ಹೇಳಿದ್ದಳಂತೆ. ಭೈರಮ್ಮನೂ ಆಗ ನಕ್ಕಿದ್ದಳು.

“ಎರಡು ವರ್ಷ ಆಯ್ತು. ಒಂದ್ಸಲ ಹೋಗಿ ನೋಡ್ಲಾ ಅಂತ.”

“ಹೋಗಿ” ಎಂದೆ. 

ಆಗ ಅವಳು ನೋಡಿಕೊಳ್ಳುತ್ತಿದ್ದ ಶೃಂಗೇರಿಯ ರೋಗಿ ಮನೆಗೆ ಹೋದ ಮೇಲಿನ ಭಾನುವಾರ ಅವಳು ಬಾಳೆಹೊನ್ನೂರಿನ ಬಸ್ ಹತ್ತಿದಳು. ವಸಂತಮ್ಮ ಜಗಲಿಯಲ್ಲಿ ಕೂತು ಹಾಗಲಕಾಯಿ ಹೆಚ್ಚುತ್ತಿದ್ದರು. ತಲೆಯೆತ್ತಿ ನೋಡಿ, ಮತ್ತೆ ಎರಡು ಕಾಯಿ ಹೆಚ್ಚಿ ಮುಗಿಸಿ, “ಈಗ ನೆನಪಾಯ್ತಾ? ಯಾರು ಕಾಯಿಲೆ ಬಿದ್ದಿದಾರೆ ಇಲ್ಲಿ?” ಎಂದರು.

“ಯಾರೂ ಇಲ್ಲ. ನಿಮ್ಮನ್ನ ನೋಡಕ್ಕೇ ಬಂದೆ.”

“ನಾನೆಂತ ತಪ್ಪು ಮಾಡಿದ್ನೇನೋ ಅಂದ್ಕೊಂಡಿದ್ದೆ ಕಣೇ. ಅವತ್ತು ಬೆಳಗ್ಗೆ ಕಾಫಿ ತಣ್ಣಗಿದೆ ಅಂತ ನಿನ್ಗೆ ರೇಗಿದ್ದೆ.”

ಭೈರಮ್ಮನಿಗೆ ಆ ಕಾಫಿಯ ನೆನಪೇ ಇರಲಿಲ್ಲ. ಎರಡು ವರ್ಷ ಒಬ್ಬರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. “ಎಂತ ಮಾತು ಅಮ್ಮ” ಎಂದು ಪಕ್ಕದಲ್ಲಿ ಕೂತು, ಈಳಿಗೆಮಣೆ ತನ್ನ ಕಡೆಗೆ ಎಳೆದುಕೊಂಡಳು. ಮಧ್ಯಾಹ್ನ ಉಂಡು, ಸಂಜೆಯ ತನಕ ಮಾತಾಡಿ, ಹೊರಡುವಾಗ ಅವರ ಕಾಲು ಮುಟ್ಟಿ ಗಟ್ಟಿಯಾಗಿ ‘ಬರ್ತೀನಿ’ ಎಂದು ಹೇಳಿಯೇ ಬಂದಳಂತೆ. ಈಗ ತಿಂಗಳಿಗೊಮ್ಮೆಯಾದರೂ ಹೋಗುತ್ತಾಳೆ.

ಗುಂಪಿನಲ್ಲೂ ಅವಳಿದ್ದಾಳೆ. ಬರೆಯಲು ಪುರುಸೊತ್ತಿಲ್ಲ, ದನಿಯಲ್ಲೇ ಕಳಿಸುತ್ತಾಳೆ. ಹಿಂದಿನಿಂದ ಆಸ್ಪತ್ರೆಯ ಟ್ರಾಲಿಯ ಸದ್ದೂ ಬರುತ್ತದೆ. ಈ ವರ್ಷದ ಜೊತೆಗಾರ ಒಬ್ಬ ಗಣಿತದ ಮೇಷ್ಟ್ರು. ಅರ್ಪಿತಾಗೆ ಅವನೆಂದರೆ ಬಹಳ ಇಷ್ಟ; ಕೋಲು ಬಿಟ್ಟು ನಡೆಯುವಷ್ಟಾಗಿ, ಕೆಲಸಕ್ಕೂ ಹೋಗುತ್ತಿರುವ ಅವಳು ಅವನ ಪರವಾಗಿ ಮತ್ತೊಂದು ಲೇಖನ ಬರೆದಿದ್ದಾಳೆ. ಹೋದ ಶನಿವಾರ ಭೈರಮ್ಮನ ಉತ್ತರ ಬಂತು.

“ಓದಿಸ್ಕೊಂಡು ಕೇಳ್ದೆ ಅರ್ಪಿತಾ, ಚಂದ ಬರ್ದಿದೀಯ. ಆದ್ರೆ ಆ ಮೇಷ್ಟ್ರು ನಂಗೆ ಸರಿ ಬರಲ್ಲ. ಇರಾವತಿಗೆ ಜ್ವರ ಬಂದು ಮೂರು ಕಂತಾಯ್ತು, ಇನ್ನೂ ಒಂದು ಲೋಟ ಬಿಸಿನೀರು ಕಾಯಿಸ್ಲಿಲ್ಲ.”