ತೊಂಬತ್ತೇಳು ಗೆರೆ, ಮತ್ತೊಂದು

ಅವರ ಬಲಗೈಯಲ್ಲಿ ಮೂರೇ ಬೆರಳು. ಕಿರುಬೆರಳು ಮತ್ತು ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ. ಆ ಜಾಗದ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಸುಕ್ಕಾಗಿ ಹೊಳೆಯುತ್ತಿತ್ತು. ಉಳಿದ ಮೂರರಲ್ಲೇ ಕೀಬೋರ್ಡ್ ಕುಟ್ಟುತ್ತಿದ್ದರು. ಎಂಟರ್ ಒತ್ತುವ ಮುನ್ನ ಹೆಬ್ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ, ಹೊಡೆದದ್ದನ್ನು ಇನ್ನೊಮ್ಮೆ ಓದಿ, ಆಮೇಲೆ ಒತ್ತುತ್ತಿದ್ದರು. ಆ ವಿರಾಮವನ್ನು ನಾನು ಗಡಿಯಾರ ನೋಡಿಕೊಂಡು ಎಷ್ಟೋ ಸಲ ಅಳೆದಿದ್ದೇನೆ. ನಾಲ್ಕು ಸೆಕೆಂಡಿಗಿಂತ ಕಡಿಮೆ ಎಂದೂ ಇರಲಿಲ್ಲ.

ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯ ಸರ್ವರ್ ರೂಮಿಗೆ ನಾನು ಟ್ರೈನಿಯಾಗಿ ಸೇರಿದಾಗ ಅಲ್ಲಿಗೆ ಅವರೇ ಸೀನಿಯರ್. ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಒಂದು ವರ್ಷ ಟ್ರೈನಿ. ಕೊನೆಗೆ ಸೀನಿಯರ್ ಸಹಿ ಹಾಕಿದರೆ ಕೆಲಸ ಖಾಯಂ. ಖಾಯಂ ಆಗದಿದ್ದರೆ ಮನೆಯವರು ಆಗಲೇ ನೋಡಿಟ್ಟಿದ್ದ ಗಂಡನ್ನು ಒಪ್ಪಿಕೊಳ್ಳಬೇಕೆಂದು ಗುಬ್ಬಿಯ ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ಆದ್ದರಿಂದ ಆ ಒಂದು ಸಹಿ ನನಗೆ ಏನಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ದಿನ, ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಅವರನ್ನು ಮೊದಲ ಪ್ರಶ್ನೆ ಕೇಳಿದೆ. ಫೈಲುಗಳೊಳಗೆ ಪದ ಹುಡುಕಲು ಗ್ರೆಪ್ ಎಂಬ ಆಜ್ಞೆಯಿದೆ.

"ಸಾರ್, ಗ್ರೆಪ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಸಿಗೋಕೆ ಏನ್ ಹಾಕ್ಬೇಕು?"

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಯಾವೂರಮ್ಮ ನಿಂದು?"

"ಗುಬ್ಬಿ ಸಾರ್."

"ಗುಬ್ಬೀಲಿ ಕಣ್ಣಿನ ಡಾಕ್ಟ್ರು ಇಲ್ವಾ?"

ಪಕ್ಕದ ಮೇಜಿನ ನೆಟ್‌ವರ್ಕಿನವರಿಬ್ಬರು ಕಿಸಕ್ಕನೆ ನಕ್ಕರು. ಸೀನಿಯರ್ ಎದ್ದು ಗೋಡೆಯ ಬಿಳಿ ಬೋರ್ಡಿನ ಮೂಲೆಯಲ್ಲಿ 'ಗುಬ್ಬಿ' ಎಂದು ಬರೆದು, ಅದರ ಕೆಳಗೆ ಒಂದು ಗೆರೆ ಎಳೆದರು.

"ಯಂತ್ರದೊಳಗೇ ಬರ್ದೈತೆ. ಬರ್ದಿರೋದ್ನ ಬಿಟ್ಟು ನನ್ನ ಕೇಳಿದ್ರೆ ಒಂದು ಗೆರೆ. ನೂರ್ ಆಗ್ಲಿ, ನಾನೇ ಗೇಟ್‌ತಂಕ ಬಂದು ಬಸ್ ಹತ್ತುಸ್ತೀನಿ."

ಯೂನಿಕ್ಸ್ ಜಾತಿಯ ಯಂತ್ರಗಳಲ್ಲಿ ಪ್ರತಿ ಆಜ್ಞೆಗೂ ಅದರದೇ ವಿವರಣೆಯ ಪುಟ ಯಂತ್ರದೊಳಗೇ ಇರುತ್ತದೆ. 'ಮ್ಯಾನ್' ಎಂದು ಹೊಡೆದು, ಪಕ್ಕದಲ್ಲಿ ಆಜ್ಞೆಯ ಹೆಸರು ಹಾಕಿದರೆ ಸಾಕು. ಇಂಟರ್ನೆಟ್ ಬೇಡ, ಯಾರ ಮುಖವನ್ನೂ ನೋಡಬೇಕಿಲ್ಲ. ಅಂದು ಆ ಪುಟ ತೆರೆದು ಉತ್ತರ ಹುಡುಕಲು ನನಗೆ ಇಪ್ಪತ್ತಾರು ನಿಮಿಷ ಹಿಡಿಯಿತು. ಉತ್ತರ ಒಂದು ಹೈಫನ್, ಒಂದೇ ಒಂದು ಅಕ್ಷರ.

ಮೊದಲ ತಿಂಗಳು ಮೂವತ್ತೆಂಟು ಗೆರೆ. ಎರಡನೆಯದು ಇಪ್ಪತ್ತಾರು, ಮೂರನೆಯದು ಹದಿನೇಳು. ನಾನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅವರ ಬೋರ್ಡಿಗೂ ನನ್ನ ಡೈರಿಗೂ ಎಂದೂ ವ್ಯತ್ಯಾಸ ಬರಲಿಲ್ಲ. ಗೆರೆ ಎಳೆದು ಸುಮ್ಮನಾಗುವವರೂ ಅಲ್ಲ. ಎದ್ದು ನಿಂತು ಪುಟವನ್ನು ಗಟ್ಟಿಯಾಗಿ ಓದಬೇಕು, ಪ್ರತಿ ವಾಕ್ಯಕ್ಕೂ ಕನ್ನಡದಲ್ಲಿ ಅರ್ಥ ಹೇಳಬೇಕು. ತಡವರಿಸಿದರೆ ನೆಟ್‌ವರ್ಕಿನವರ ಕಡೆ ತಿರುಗಿ, "ನೋಡ್ರಪ್ಪಾ, ಇಂಗ್ಲಿಷ್ ಮೀಡಿಯಮ್ಮು" ಎನ್ನುತ್ತಿದ್ದರು. ಒಮ್ಮೆ ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ನನ್ನ ಮುಖ ನೋಡಿ ಹೇಳಿದರು: "ತೊಳ್ಕೊಂಡ್ ಬಂದ್ಯಾ? ಈಗ ಕಣ್ಣು ಕ್ಲೀನಾಗೈತೆ. ಓದು."

ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಹಾಕಿದ ನಿಯಮವನ್ನು ಅವರು ತಾವೂ ಪಾಲಿಸುತ್ತಿದ್ದರು. ಸಾವಿರ ಸಲ ಬಳಸಿದ ಆಜ್ಞೆಯಾದರೂ ಪುಟ ತೆರೆಯದೆ ಹೊಡೆಯುತ್ತಿರಲಿಲ್ಲ. ಏನನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಅದೇ ಅವರ ಹೆಮ್ಮೆ. "ನಂಗೊತ್ತು ಅನ್ನೋನೇ ಮೊದ್ಲು ಕೆಡ್ಸೋನು" ಎಂಬುದು ಅವರು ದಿನಕ್ಕೆರಡು ಸಲ ಹೇಳುತ್ತಿದ್ದ ಮಾತು.

ಏಳನೆಯ ತಿಂಗಳು ಮುಗಿಯುವಾಗ ಬೋರ್ಡಿನಲ್ಲಿ ತೊಂಬತ್ತೇಳು ಗೆರೆ ಇದ್ದವು. ಅಂದಿನಿಂದ ನಾನು ಕೇಳುವುದನ್ನೇ ನಿಲ್ಲಿಸಿದೆ.

ಎಂಟನೆಯ ತಿಂಗಳ ಒಂದು ಗುರುವಾರ, ಪೆಟ್ಟಿಗೆಗಳ ಲೇಬಲ್ ಮುದ್ರಿಸುವ ಪ್ರೋಗ್ರಾಂ ಸಿಕ್ಕಿಕೊಂಡಿತು. ಅದು ಓಡುತ್ತಿದ್ದುದು, ಉತ್ಪಾದನೆಯ ಶೆಡ್ಡಿನ ಪರದೆಗಳನ್ನೆಲ್ಲ ನಡೆಸುವ ಒಂದು ಹಳೆಯ ಯೂನಿಕ್ಸ್ ಯಂತ್ರದಲ್ಲಿ. ಉಳಿದವೆಲ್ಲ ಹೊಸ ಲಿನಕ್ಸ್. ಹೊಸ ಯಂತ್ರಗಳಲ್ಲಿ 'ಕಿಲ್ಆಲ್' ಎಂದು ಬರೆದು ಪ್ರೋಗ್ರಾಂ ಹೆಸರು ಹಾಕಿದರೆ ಆ ಪ್ರೋಗ್ರಾಂ ಮಾತ್ರ ನಿಲ್ಲುತ್ತದೆ. ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದ ಪುಟ ತೆರೆಯಲಿಲ್ಲ. ಹಳೆಯ ಯಂತ್ರದಲ್ಲಿ ಅದೇ ಆಜ್ಞೆ ಓಡುತ್ತಿರುವುದನ್ನೆಲ್ಲ ನಿಲ್ಲಿಸಿಬಿಡುತ್ತದೆ. ಎಂಟರ್ ಒತ್ತಿದೆ. ಶೆಡ್ಡಿನ ಎಲ್ಲ ಪರದೆಗಳೂ ಒಟ್ಟಿಗೆ ಸತ್ತವು. ಲೇಬಲ್ ಇಲ್ಲದ ಪೆಟ್ಟಿಗೆಗಳು ರಾಶಿ ಬಿದ್ದವು, ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು.

ತಿರುಗಿ ನೋಡಿದರೆ ಸೀನಿಯರ್ ನನ್ನ ಬೆನ್ನ ಹಿಂದೆಯೇ ಟೀ ಲೋಟ ಹಿಡಿದು ನಿಂತಿದ್ದರು.

"ಶೆಡ್‌ಗೆ ಹೋಗು. ಮಧ್ಯದಲ್ಲಿ ನಿಂತ್ಕೊಂಡು, ನಿಲ್ಸಿದ್ದು ನಾನೇ ಅಂತ ಹೇಳ್ಬುಟ್ ಬಾ."

ಹೋದೆ, ಹೇಳಿದೆ. "ನೀನೇನಮ್ಮಾ, ಒಂದೇ ಏಟ್ಗೆ ಫ್ಯಾಕ್ಟ್ರಿ ಮಲಗ್ಸಿದ್ದು? ದಿನಾ ಹಿಂಗೇ ಮಾಡವ್ವಾ, ನಾವೂ ಒಸಿ ಕಾಲ್ ಚಾಚ್ತೀವಿ" ಎಂದ ಒಬ್ಬ ಆಪರೇಟರ್. ಇಡೀ ಶೆಡ್ಡು ನಕ್ಕಿತು. ವಾಪಸು ಬರುವಷ್ಟರಲ್ಲಿ ಸೀನಿಯರ್ ಎಲ್ಲವನ್ನೂ ಮತ್ತೆ ಎಬ್ಬಿಸಿದ್ದರು.

"ನಿಮ್ಗೆ ಗೊತ್ತಿತ್ತಲ್ವಾ ಸಾರ್? ನಾನ್ ಹೊಡೀವಾಗ ನೋಡ್ತಿದ್ರಲ್ವಾ?"

"ಹೂಂ, ನೋಡ್ತಿದ್ದೆ."

"ಮತ್ತೆ ಹೇಳ್ಬಾರ್ದಿತ್ತಾ?"

ಅವರು ಬಲಗೈಯನ್ನು ನನ್ನ ಮೂಗಿನ ಹತ್ತಿರ ತಂದರು. "ಪ್ರೆಸ್ ಮಿಷನ್ನಾಗೆ ಇದ್ದೆ ಮೊದ್ಲು. ಮಿಷನ್ ಮೇಲೇ ಬರ್ದಿತ್ತು, ಇಂಗ್ಲಿಷ್‌ನಾಗೆ. ನಂಗೆ ಓದೋಕ್ ಬರ್ತಿರ್ಲಿಲ್ಲ. ಪಕ್ಕದೋನ್ನ ಕೇಳ್ದೆ. ಏನಾಗಲ್ಲ ಹೊಡಿಲಾ ಅಂದ. ಒಳ್ಳೇ ಮನ್ಷ, ಪ್ರೀತಿಯಿಂದ್ಲೇ ಹೇಳಿದ್ದು." ಕೈಯನ್ನು ಜೇಬಿಗೆ ಹಾಕಿಕೊಂಡರು. "ನಿಂಗೆ ಹತ್ತೂ ಅವೆ. ಲೇಬಲ್ ಹೋದ್ರೆ ಹೋಯ್ತು, ಬುಡು."

ಆಸ್ಪತ್ರೆಯಿಂದ ಬಂದ ಮೇಲೆ ಅವರನ್ನು ಹಗುರ ಕೆಲಸಕ್ಕೆಂದು ಕಂಪ್ಯೂಟರ್ ರೂಮಿನಲ್ಲಿ ಕೂರಿಸಿದ್ದರಂತೆ. ಕಲಿಸುವವರು ಯಾರೂ ಇರಲಿಲ್ಲ. ನಿಘಂಟು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಪುಟ ತೆರೆದು, ಇಂಗ್ಲಿಷನ್ನೂ ಯೂನಿಕ್ಸನ್ನೂ ಒಟ್ಟಿಗೆ ಕಲಿತವರು. ಇದನ್ನು ನೆಟ್‌ವರ್ಕಿನವರು ಹೇಳಿದರು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಮಾತ್ರ ಇಷ್ಟೇ: "ಗೆರೆ ಎಳೆಯಲಿಲ್ಲ. ನಾನು ಕೇಳಿರಲಿಲ್ಲವಲ್ಲ." ಅವರ ಮೇಲೆ ಕನಿಕರ ಬಂದಿರಲಿಲ್ಲ.

ಹನ್ನೊಂದನೆಯ ತಿಂಗಳಲ್ಲಿ ಅವರಿಗೆ ಕುಣಿಗಲ್ಲಿನ ಮನೆಯಲ್ಲಿ ಸ್ಟ್ರೋಕ್ ಆಯಿತು. ಏಳು ವಾರ ರಜೆ. ನನ್ನ ವರ್ಷ ಮುಗಿದು, ಖಾಯಂ ಮಾಡುವ ಫಾರಂ ಅವರ ಮೇಜಿನ ಮೇಲೆ ಬಿದ್ದೇ ಇತ್ತು. ಬೇರೆ ಯಾರೂ ಸಹಿ ಹಾಕುವಂತಿರಲಿಲ್ಲ. ಮನೆಯಲ್ಲಿ ಗಂಡಿನ ಕಡೆಯವರು ಎರಡು ಸಲ ಬಂದು ಹೋದರು.

ಅವರು ತಿರುಗಿ ಬಂದಾಗ ಕೈಕಾಲು ಸರಿಯಾಗಿಯೇ ಇದ್ದವು. ಬಲಗಡೆಯಿಂದ ಯಾರಾದರೂ ಹತ್ತಿರ ಬಂದರೆ ಮಾತ್ರ ಬೆಚ್ಚಿಬೀಳುತ್ತಿದ್ದರು. ಎರಡು ದಿನ ಪರದೆಯ ಮುಂದೆ ಸುಮ್ಮನೆ ಕೂತಿದ್ದರು. ಫಾರಂ ಮುಟ್ಟಲಿಲ್ಲ. ಬೇಕೆಂದೇ ಸತಾಯಿಸುತ್ತಿದ್ದಾರೆಂದು ನನಗೆ ಖಾತ್ರಿಯಾಯಿತು.

ಮೂರನೆಯ ದಿನ, ಬುಧವಾರ, ಎಚ್‌ಆರ್ ಮೇಡಂ ಕೂಡ ರೂಮಿನಲ್ಲಿದ್ದರು. ಸೀನಿಯರ್ ನನ್ನ ಕಡೆ ವಾಲಿ, ತಗ್ಗಿದ ದನಿಯಲ್ಲಿ ಕೇಳಿದರು: "ಗುಬ್ಬಿ, ಈ ಗ್ರೆಪ್‌ನಾಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಬರೋಕೆ ಏನಮ್ಮ ಹಾಕೋದು?"

ಒಂದು ವರ್ಷದಿಂದ ಕಾಯುತ್ತಿದ್ದವಳಂತೆ ಎದ್ದೆ. ನನ್ನ ತೊಂಬತ್ತೇಳು ಗೆರೆಗಳ ಪಕ್ಕದಲ್ಲಿ 'ಸೀನಿಯರ್' ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದೆ.

"ಕುಣಿಗಲ್‌ನಲ್ಲಿ ಕಣ್ಣಿನ ಡಾಕ್ಟ್ರು ಇಲ್ವಾ ಸಾರ್?"

ನೆಟ್‌ವರ್ಕಿನವರಲ್ಲೊಬ್ಬ ಮೇಜು ಗುದ್ದಿ ನಕ್ಕ. ಮೇಡಂ ಬಾಯಿಗೆ ಸೆರಗು ಹಿಡಿದರು. ಸೀನಿಯರೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆಮೇಲೆ ಮೂರು ಬೆರಳಿನಿಂದ 'ಮ್ಯಾನ್ ಗ್ರೆಪ್' ಎಂದು ತಪ್ಪಿಲ್ಲದೆ ಹೊಡೆದರು. ಪುಟ ತೆರೆಯಿತು. ಕೊನೆಯವರೆಗೆ ಸರಿಸಿದರು. ಮತ್ತೆ ಮೊದಲಿಗೆ ಬಂದರು. ಐವತ್ತು ನಿಮಿಷ ಹಾಗೇ ಸರಿಸುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಸಂತೋಷದಿಂದಲೇ ನೋಡುತ್ತಿದ್ದೆ.

ಸಂಜೆ ಐದಕ್ಕೆ ಫಾರಂ ಎತ್ತಿಕೊಂಡು ಪೆನ್ನು ತೆಗೆದರು. "ಎಲ್ಲಿ ಹಾಕ್ಲಮ್ಮ?"

"ಅದ್ರಲ್ಲೇ ಬರ್ದಿದೆ ಸಾರ್."

ಪೆನ್ನು ಹಿಡಿದ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಸಹಿ ಹಾಕಿ, ಕಾಗದ ಮಡಚಿ ಮೇಡಂ ಕೈಗೆ ಕೊಟ್ಟು ಹೊರಟರು. ಮತ್ತೆ ಕೆಲಸಕ್ಕೆ ಬರಲಿಲ್ಲ.

ಫಾರಂನಲ್ಲಿ ಎರಡು ಚೌಕ. ಮೇಲಿನದು ಖಾಯಂಗೆ, ಕೆಳಗಿನದು ಇನ್ನೂ ಆರು ತಿಂಗಳು ಟ್ರೈನಿಯಾಗಿ ಮುಂದುವರಿಸಲು. ಅವರ ಸಹಿ ಇದ್ದದ್ದು ಕೆಳಗಿನದರಲ್ಲಿ. ಆ ರಾತ್ರಿ ಡೈರಿಯಲ್ಲಿ ಅವರ ಬಗ್ಗೆ ಬರೆದ ಮಾತುಗಳನ್ನು ಇಲ್ಲಿ ಎತ್ತಿ ಬರೆಯಲಾರೆ. ಅವುಗಳಲ್ಲಿ ಒಂದು, ಅವರು ಸಾಯಲಿ ಎಂಬುದು.

ಆ ಆರು ತಿಂಗಳಲ್ಲಿ ಐದನೆಯದು ನಡೆಯುವಾಗ ಅವರು ಎರಡನೆಯ ಸ್ಟ್ರೋಕ್‌ನಲ್ಲಿ ತೀರಿಕೊಂಡರು. ಆಫೀಸಿನವರ ಜೊತೆ ಕುಣಿಗಲ್ಲಿಗೆ ನಾನೂ ಹೋದೆ, ಹೋಗದಿದ್ದರೆ ಚೆನ್ನಾಗಿರದು ಎಂದು. ಅವರ ಹೆಂಡತಿ ನನ್ನ ಕೈ ಹಿಡಿದು, "ನೀನೇನವ್ವಾ ಗುಬ್ಬಿ?" ಎಂದರು. ಹೌದೆಂದೆ.

"ಓದೋದೇ ಹೊಂಟೋಗಿತ್ತು ಕಣವ್ವ ಅವ್ರಿಗೆ. ಬರ್ಯೋಕ್ ಬರ್ತದೆ, ತಾವ್ ಬರ್ದಿದ್ನೇ ಓದೋಕಾಗಲ್ಲ. ಮಿದುಳ್ನಾಗೆ ಅದೊಂದು ಜಾಗ ಸತ್ತೈತೆ ಅಂದ್ರು ಡಾಕ್ಟ್ರು. ಯಾರ್‌ಗೂ ಹೇಳ್ಬ್ಯಾಡ ಅಂದಿದ್ರು. ಕೆಲ್ಸಕ್ಕೆ ಹೋಗ್ಬ್ಯಾಡಿ ಅಂದೆ. ಅಲ್ಲೊಂದು ಹುಡ್ಗಿ ಐತೆ, ಎಲ್ಲಾ ಪುಟ ಓದ್ಕೊಂಡೈತೆ, ಅದನ್ನ ಕೇಳ್ಕೊಂಡ್ರೆ ನಡೀತದೆ ಅಂತ ಹೊಂಟ್ರು." ಕಣ್ಣು ಒರೆಸಿಕೊಂಡು ಸೇರಿಸಿದರು: "ಕೊನೇ ದಿನ ಬಂದು, ಹೆಂಗೋ ಆ ಹುಡ್ಗೀದು ಖಾಯಂ ಮಾಡ್ಬುಟ್ ಬಂದೆ ಅಂದ್ರು. ಆಯ್ತೇನವ್ವಾ ನಿಂದು?"

"ಆಯ್ತಮ್ಮ" ಎಂದೆ.

ಆಮೇಲೆ ಆದದ್ದೂ ನಿಜ, ಮುಂದಿನ ತಿಂಗಳು, ಬೇರೆಯವರ ಸಹಿಯಲ್ಲಿ. ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಹಳೆಯ ಯಂತ್ರದಲ್ಲಿ ಆಜ್ಞೆ ಹೊಡೆಯುವಾಗ ಮೊದಲು ಪುಟ ತೆರೆಯುತ್ತೇನೆ, ಎಂಟರ್ ಮೇಲೆ ನಾಲ್ಕು ಸೆಕೆಂಡು ಕಾಯುತ್ತೇನೆ. ಅವರಿಂದ ಪಡೆದದ್ದರಲ್ಲಿ ಯಾವುದೂ ಇಂದಿಗೂ ಕೈಕೊಟ್ಟಿಲ್ಲ.

ಬೋರ್ಡು ಒರೆಸಿದ್ದಾರೆ. ಡೈರಿಯ ಆ ಬುಧವಾರದ ಪುಟ ಹಾಗೇ ಇದೆ: "ಸೀನಿಯರ್ – 1." ಅವರು ಕೇಳಿದ್ದಕ್ಕೆ ಉತ್ತರ ಹೈಫನ್, ಪಕ್ಕದಲ್ಲಿ ಇಂಗ್ಲಿಷಿನ ಐ. ಹೇಳಲು ಒಂದು ಸೆಕೆಂಡು.